ಇಳಿದಾರಿ

"ಬುದ್ಧೀ, ಕೊಟ್ಟರೂ ಅಷ್ಟೆ, ಕೊಡದಿದ್ದರೂ ಅಷ್ಟೆ ಎಂದಾದರೆ ಕೊಡುವುದೇಕೆ?" ಎಂದು ಮರುಳಯ್ಯ ಗುರುಗಳನ್ನು ಕೇಳಿದ.

ಅವನು ಬೆಟ್ಟದ ಮೇಲಿನ ಮಠದಲ್ಲಿ ದಾಸೋಹದ ಉಸ್ತುವಾರಿ ನೋಡುವ ಶಿಷ್ಯ. ಬೆಟ್ಟದಡಿಯ ಕೇರಿಯ ಹೆಂಗಸರು ಬೆಳಗಾಗುತ್ತಲೇ ಕೆರೆಯ ನೀರು ಹೊತ್ತು ಮೇಲೆ ತರುತ್ತಿದ್ದರು. ಮಠದಿಂದ ಪ್ರಸಾದದ ಬುಟ್ಟಿಗಳು ಆ ಕೇರಿಗೆ ಇಳಿಯುತ್ತಿದ್ದವು. ಕಾರ್ತಿಕದಲ್ಲಿ ಯಾತ್ರಿಕರು ಹೆಚ್ಚಾದರೆಂದು ಮರುಳಯ್ಯ ಬುಟ್ಟಿಗಳನ್ನು ನಿಲ್ಲಿಸಿದ್ದ. ಈಗ ಮಾಘ ಕಳೆಯುತ್ತಿತ್ತು. ಒಂದು ಕೊಡ ನೀರೂ ಕಡಿಮೆಯಾಗಿರಲಿಲ್ಲ. ಯಾರೂ ತುಟಿ ಬಿಚ್ಚಿರಲಿಲ್ಲ. ಹೀಗಾಗಿ ಅವನಿಗೆ ಈ ಪ್ರಶ್ನೆ ಹುಟ್ಟಿತ್ತು.

ಗುರುಗಳು ಕಣ್ಣು ಮುಚ್ಚಿ ಶಿವನನ್ನು ನೆನೆದರು. ಆಮೇಲೆ ಹೇಳತೊಡಗಿದರು.

ಒಬ್ಬ ಮನುಷ್ಯನಿದ್ದ. ಮದ್ದಿಗಾಗಿ ಮರದ ತೊಗಟೆ ಕಿತ್ತು ಮಾರುವುದು ಅವನ ಕಸುಬು. ಹೊಳೆಯ ದಂಡೆಯಲ್ಲಿ ಒಂದು ದೊಡ್ಡ ಹೊಳೆಮತ್ತಿ ಮರ, ಅದರ ಪಕ್ಕದಲ್ಲೇ ಅವನ ಗುಡಿಸಲು. ಆ ಮರದ ಬೇರು ಹಿಡಿದುಕೊಂಡಿದ್ದರಿಂದ ದಂಡೆ ನಿಂತಿತ್ತು. ದಂಡೆ ನಿಂತಿದ್ದರಿಂದ ಗುಡಿಸಲು ನಿಂತಿತ್ತು.

ಆ ಕಸುಬಿನವರಲ್ಲಿ ಒಂದು ಕಟ್ಟಳೆಯಿತ್ತು. ಮರದ ಒಂದು ಮಗ್ಗುಲಿನ ತೊಗಟೆಯನ್ನು ಮಾತ್ರ ಕೀಳಬೇಕು. ಉಳಿದದ್ದನ್ನು ಕೊಂಬೆಯಿಂದ ನೆಲದವರೆಗೆ ಹಾಗೆಯೇ ಬಿಡಬೇಕು. ಹಾಗೆ ಬಿಟ್ಟದ್ದಕ್ಕೆ ಇಳಿದಾರಿ ಎನ್ನುತ್ತಿದ್ದರು. ಯಾರು ಇಳಿಯುವ ದಾರಿ ಎಂದು ಯಾರೂ ಕೇಳಿರಲಿಲ್ಲ.

ಒಂದು ವರ್ಷ ತೊಗಟೆಗೆ ಬೇಡಿಕೆ ಹೆಚ್ಚಿತು. ಅವನು ಕತ್ತಿ ಹಿಡಿದು, ಬುಡದ ಸುತ್ತ ಬಳೆ ತೊಡಿಸಿದಂತೆ ಕೀಳತೊಡಗಿದ. ಹೆಂಡತಿ ಓಡಿಬಂದಳು.

"ಅಯ್ಯೋ, ಇಳಿದಾರಿ ಬಿಡ್ರೀ! ನಮ್ಮಪ್ಪ ಒಂದು ದಿನವೂ ಹೀಗೆ ಮಾಡಿದವನಲ್ಲ."

"ಯಾರೇ ಇಳಿಯೋದು? ಮರದ ಮೇಲಿನ ದೆವ್ವವೋ, ನಿಮ್ಮಪ್ಪನೋ?"

"ನನಗೇನು ಗೊತ್ತು? ಗೊತ್ತಿಲ್ಲದ ದಾರಿ ಮುಚ್ಚಬೇಡಿ ಅಂದೆ, ಅಷ್ಟೆ."

ಅವನು ನಕ್ಕು ಕೆಲಸ ಮುಗಿಸಿದ.

ಮರಕ್ಕೆ ಏನೂ ಆಗಲಿಲ್ಲ. ಎಲೆ ಹಸಿರಾಗಿಯೇ ಇತ್ತು. ಮರು ವರ್ಷ ಕಾಯಿ ಇಮ್ಮಡಿಯಾಯಿತು. ಗಾಯದ ಮೇಲಂಚು ದಪ್ಪಗೆ ಊದಿಕೊಂಡಿತು. ಅವನು ಹೆಂಡತಿಯನ್ನು ಕರೆದು ತೋರಿಸಿದ: "ನೋಡೇ, ನಿನ್ನ ದೆವ್ವ ಇಳಿಯದೆ ಮೇಲೇ ಕೂತು ಉಂಡು ಕೊಬ್ಬಿದೆ!"

ಗೇಲಿಗೆ ಆಡಿದ ಮಾತು ನಿಜವೇ ಆಗಿತ್ತು. ಬೇರು ಕುಡಿದ ನೀರು ಒಳಗಿನ ಕಟ್ಟಿಗೆಯ ಸಣ್ಣ ಕೊಳವೆಗಳಲ್ಲಿ ಮೇಲೇರುತ್ತದೆ. ಆ ದಾರಿಯನ್ನು ಅವನ ಕತ್ತಿ ಮುಟ್ಟಿರಲಿಲ್ಲ. ಎಲೆ ಬಿಸಿಲಿನಲ್ಲಿ ಅಟ್ಟ ಅನ್ನ ತೊಗಟೆಯ ಒಳಪದರದಲ್ಲಿ ಕೆಳಗಿಳಿಯುತ್ತದೆ. ಕತ್ತಲಲ್ಲಿರುವ ಬೇರಿಗೆ ತನ್ನದೆಂಬ ಒಲೆಯಿಲ್ಲ. ಶಿವನು ಅದನ್ನು ಎಲೆಯ ಕೈಗೆ ಒಪ್ಪಿಸಿದ್ದಾನೆ. ಇಳಿಯಬೇಕಾದ ಅನ್ನ ಗಾಯದ ಮೇಲೆ ತಡೆದು ನಿಂತಿತು, ಕಾಯಿಗಳಿಗೆ ಹೋಯಿತು. ಬೇರು ತಾನು ಹಿಂದೆ ಕೂಡಿಟ್ಟುಕೊಂಡದ್ದನ್ನು ತಿನ್ನುತ್ತಾ ನೀರೆತ್ತುತ್ತಲೇ ಇತ್ತು. ಕೂಡಿಟ್ಟದ್ದು ತೀರಿತು. ಮೊದಲು ಎಳೆಬೇರುಗಳು ಸತ್ತವು. ಆಮೇಲೆ ದಪ್ಪ ಬೇರುಗಳು.

ಮೂರನೆಯ ಮಳೆಗಾಲದಲ್ಲಿ, ಸುರಿಯುವ ಮಳೆಯಲ್ಲೇ ಎಲೆಗಳು ಬಾಡಿ ಜೋತುಬಿದ್ದವು. ಕಾಲಬುಡದಲ್ಲಿ ಹೊಳೆ, ತುದಿಯಲ್ಲಿ ಬಾಯಾರಿಕೆ. ಆಗ ಅವನಿಗೆ ಹೆದರಿಕೆ ಹತ್ತಿತು. ಗಾಯಕ್ಕೆ ಸಗಣಿ, ಮಣ್ಣು ಮೆತ್ತಿ ಬಟ್ಟೆ ಸುತ್ತಿದ. ದೇವರಿಗೆ ಹರಕೆ ಹೊತ್ತ. ನಾಲ್ಕನೆಯ ದಿನ ಅವನು ಸಂತೆಗೆ ಹೋಗಿದ್ದಾಗ ಹೊಳೆ ತುಂಬಿತು. ದಂಡೆ ಕುಸಿಯಿತು. ಮರ ಬುಡಮೇಲಾಯಿತು. ಗುಡಿಸಲೂ ಹೋಯಿತು.

ಹೆಂಡತಿ ಗುಡಿಸಲಲ್ಲಿದ್ದಳು. ಶಿವನು ಅವಳನ್ನು ತನ್ನ ಪಾದದಲ್ಲಿ ಇಟ್ಟುಕೊಂಡಿರಲಿ.

ಅವನು ಬಂದು ಮಗುಚಿಬಿದ್ದ ಬೇರನ್ನು ಹಿಡಿದು ನೋಡಿದ. ಅದು ಒದ್ದೆ ಬೂದಿಯಂತೆ ಅವನ ಬೆರಳ ಸಂದಿಯಿಂದ ಉದುರಿತು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಎದ್ದು ಅವರ ಪಾದ ಮುಟ್ಟಿದ.

"ತಪ್ಪಾಯಿತು ಬುದ್ಧೀ. ನಾಳೆಯಿಂದಲೇ ಬುಟ್ಟಿ ಇಳಿಸುತ್ತೇನೆ. ಸದ್ಯ, ಏನೂ ಕೆಟ್ಟಿಲ್ಲ. ಇವತ್ತೂ ನೀರು ಬಂದಿದೆ."

ಗುರುಗಳು ಮೆಲ್ಲಗೆ ಅಂದರು: "ಬೇರು ಸತ್ತ ದಿನವೂ ಎಲೆ ಹಸಿರಾಗಿಯೇ ಇತ್ತು, ಮರುಳಯ್ಯ."