ಜೋಡಿಮೊರದ ದಿಣ್ಣೆ

ನಗರದ ಮೂಡಲ ಅಂಚಿಗೆ ಹೋಗುವ ಬಸ್ಸಿನಲ್ಲಿ ಕೊನೆಯವರೆಗೂ ಕುಳಿತಿದ್ದರೆ ಕಂಡಕ್ಟರು ಒಮ್ಮೆ ಹಿಂದಿರುಗಿ ನೋಡಿ, "ಜೋಡಿಮೊರಾನಾ?" ಎಂದು ಕೇಳುತ್ತಾನೆ. ಹೊಸಬರು ತಬ್ಬಿಬ್ಬಾಗುತ್ತಾರೆ. ಬಸ್ಸಿನ ಬೋರ್ಡಿನ ಮೇಲೆ ಬೇರೆ ಹೆಸರಿದೆ. ಬಡಾವಣೆ ಮಾಡಿದವರು ಕಮಾನಿನ ಮೇಲೆ ಬರೆಸಿದ್ದು ಇನ್ನೊಂದು ಹೆಸರು. ಆದರೂ ಇಳಿಯುವವರೆಲ್ಲ ಇಳಿಯುವುದು ಜೋಡಿಮೊರದಲ್ಲೇ. ಇಳಿದ ಮೇಲೆ ನೋಡುವಂಥದ್ದೇನಿದೆ ಎಂದರೆ ಹೇಳುವುದು ಕಷ್ಟ. ಒಂದು ಸಣ್ಣ ದಿಣ್ಣೆ, ಅದನ್ನು ಸುತ್ತಿಕೊಂಡು ಏರುವ ಬೀದಿಗಳು, ಬೀದಿಯುದ್ದಕ್ಕೂ ಅಗೆದು ಮುಚ್ಚಿ, ಮುಚ್ಚಿದ್ದನ್ನು ಮತ್ತೆ ಅಗೆದ ಗುರುತು. ಒಂದು ಮನೆಗೆ ಬಣ್ಣ ಬಳಿಯುತ್ತಿದ್ದರೆ ಪಕ್ಕದ ಮನೆಯ ತಾರಸಿಯಲ್ಲಿ ಕಬ್ಬಿಣದ ಸರಳುಗಳು ಇನ್ನೊಂದು ಮಹಡಿಗಾಗಿ ಕಾದು ನಿಂತಿವೆ. 'ಮನೆ ಬಾಡಿಗೆಗೆ ಇದೆ' ಎಂಬ ಹಲಗೆ ಇಳಿದ ವಾರದಲ್ಲೇ ಮತ್ತೆ ಏರುತ್ತದೆ. ಹಾಸಿಗೆ, ಗ್ಯಾಸ್ ಸಿಲಿಂಡರು, ತುಳಸಿಯ ಕುಂಡ ಹೇರಿಕೊಂಡ ಟೆಂಪೊಗಳು ಬರುತ್ತಲೂ ಹೋಗುತ್ತಲೂ ಇರುತ್ತವೆ. ನಗರ ಇಲ್ಲಿಗೆ ಬಂದು ನಿಂತಿದೆ ಎನ್ನುವಂತಿಲ್ಲ. ದಾರಿಯಲ್ಲಿ ಉಸಿರು ತೆಗೆದುಕೊಳ್ಳುತ್ತಿದೆ, ಅಷ್ಟೆ. ಇಂಥ ಜಾಗವನ್ನು ನೋಡಲೆಂದು ಯಾರೂ ಬರುವುದಿಲ್ಲ. ಅಕಸ್ಮಾತ್ ಬಂದವರು ಹೆಸರಿನ ಬಗ್ಗೆ ಕೇಳಿದರೆ, ದಿಣ್ಣೆಯ ಬುಡದಲ್ಲಿ ಬಿದಿರು ಸೀಳುತ್ತ ಕೂರುವ ಮೇದರ ಮನೆಯವರು ಕೈಕೆಲಸ ನಿಲ್ಲಿಸದೆಯೇ ಈ ಕಥೆಯನ್ನು ಹೇಳುತ್ತಾರೆ.

ಹಿಂದೆ ಒಮ್ಮೆ, ನಗರವೆಂಬುದು ಇನ್ನೂ ದೂರದಲ್ಲಿ ಒಂದು ಮಣ್ಣಿನ ಕೋಟೆಯಾಗಿದ್ದ ಕಾಲದಲ್ಲಿ, ಈ ದಿಣ್ಣೆ ಯಾರದೂ ಆಗಿರಲಿಲ್ಲ. ಪಡುವಲಿಗೆ ಮುತ್ತುಗದಹಳ್ಳಿ, ಮೂಡಲಿಗೆ ಹುರುಳಿಪುರ. ಎರಡೂ ಊರಿನ ಗಡಿ ದಿಣ್ಣೆಯ ಬುಡಕ್ಕೆ ಬಂದು ಮುಗಿಯುತ್ತಿತ್ತು. ಬರೀ ಕಲ್ಲುನೆಲ, ಹುಲ್ಲು ಕೂಡ ನೆಟ್ಟಗೆ ಬೆಳೆಯದು. ಹಾಗಾಗಿ ನಮ್ಮದು ನಿಮ್ಮದು ಎಂಬ ಜಗಳವೂ ಇರಲಿಲ್ಲ. ಅಲ್ಲಿ ಮೇದರು ಕೆಲವರು ಗುಡಿಸಲು ಹಾಕಿಕೊಂಡಿದ್ದರು. ಮೊರ, ಬುಟ್ಟಿ, ತಟ್ಟಿ ಹೆಣೆದು ಎರಡೂ ಊರಿಗೆ ಕೊಟ್ಟು ರಾಗಿ ತರುವರು. ಎದ್ದುಹೋಗಿ ಎಂದರೆ ಎದ್ದುಹೋಗುವರು. ಅದಕ್ಕೇ ಅವರ ಗುಡಿಸಲುಗಳಿಗೆ ಗೋಡೆಯಿರಲಿಲ್ಲ, ತಟ್ಟಿಯಿತ್ತು, ಪೆಟ್ಟಿಗೆಯಿರಲಿಲ್ಲ, ಗಂಟಿತ್ತು. ಆ ಗಂಟನ್ನು ಬಿಚ್ಚದೆ ತಲೆಗಿಟ್ಟುಕೊಂಡು ಮಲಗುತ್ತಿದ್ದವರಲ್ಲಿ ಕೇತವ್ವ ಎಂಬ ವಿಧವೆಯೊಬ್ಬಳು. ಅವಳಿಗೆ ಕೂತಲ್ಲಿ ಕೂರುವ ಅಭ್ಯಾಸವೇ ಇರಲಿಲ್ಲವಂತೆ. ಮೊರ ಹೆಣೆಯುವಾಗಲೂ ಬಿದಿರಿನ ಸೀಳನ್ನು ಒತ್ತಿ ಹಿಡಿದ ಕಾಲ ಹೆಬ್ಬೆರಳು ಬಿಟ್ಟು ಉಳಿದ ಕಾಲೆಲ್ಲ ಅಲುಗುತ್ತಿತ್ತು. ಆ ವರ್ಷ ಅವಳ ಚಡಪಡಿಕೆಗೆ ಕಾರಣವೂ ಇತ್ತು. ಸೊಸೆ ಸಂಕವ್ವನಿಗೆ ದಿನ ತುಂಬಿತ್ತು. ಹಿಂದಿನ ಎರಡು ಹೆರಿಗೆಯೂ ದಾರಿಯಲ್ಲಿ, ಗಾಡಿಯ ನೆರಳಿನಲ್ಲಿ ಆಗಿ, ಎರಡು ಕೂಸೂ ಉಳಿದಿರಲಿಲ್ಲ. ಮಗ ಬಿದಿರಿಗೆಂದು ಕಾಡಿಗೆ ಹೋಗಿದ್ದ. ಈ ಕೂಸಾದರೂ ಒಂದು ಸೂರಿನ ಕೆಳಗೆ ಕಣ್ಣು ಬಿಡಲಿ ಎಂಬುದೊಂದೇ ಕೇತವ್ವನ ಹಂಬಲ.

ಆಗಲೇ ಮುತ್ತುಗದಹಳ್ಳಿಗೆ ಸಿಡುಬು ಬಂತು. ಆ ಕಡೆಯ ಊರುಗಳಲ್ಲಿ ಅಮ್ಮ ಬಂದರೆ ಸಾಗಿಸುವ ಪದ್ಧತಿಯೊಂದಿತ್ತು. ಹೊಸ ಮೊರವೊಂದರಲ್ಲಿ ಮಣ್ಣಿನ ಅಮ್ಮನನ್ನು ಕೂರಿಸಿ, ಅರಿಸಿನ ಕುಂಕುಮ ಬಳೆ ರವಿಕೆಕಣ ಇಟ್ಟು, ಬೇವಿನ ಸೊಪ್ಪು ಹೊದಿಸಿ, ತಮಟೆ ಬಡಿಯುತ್ತ ತಂದು ಗಡಿಯಾಚೆ ಇಳಿಸಿ, ಹಿಂದಿರುಗಿ ನೋಡದೆ ಹೋಗುವುದು. ಇಳಿಸಿಕೊಂಡ ಊರಿನವರು ಹೊತ್ತು ಮುಳುಗುವುದರೊಳಗೆ ಮುಂದಿನ ಗಡಿಗೆ ಸಾಗಿಸಬೇಕು. ಹೀಗೆ ಅಮ್ಮನಿಗೆ ಊರೂರು ಅಲೆಯುವುದೇ ಆಗಿತ್ತು, ಕೂರು ಎಂದವರಿಲ್ಲ. ಸಾಗಿಸಿದವರು, ಅವಳು ಅಲ್ಲಿಂದ ಏಳುವವರೆಗೆ ಆ ಜಾಗಕ್ಕೆ ಕಾಲಿಡುವಂತಿರಲಿಲ್ಲ. ಆ ಮೊರ ಹೆಣೆದುಕೊಡುತ್ತಿದ್ದವರು ಇದೇ ಮೇದರು. ಗೌರಿಹಬ್ಬದ ಬಾಗಿನಕ್ಕೂ ಮೊರ ಅವರದೇ; ಒಳಗಿಡುವ ಅರಿಸಿನ, ಬಳೆ, ಕಣವೂ ಅವೇ. ವ್ಯತ್ಯಾಸ ಒಂದೇ. ಬಾಗಿನದ ಮೊರದ ಮೇಲೆ ಇನ್ನೊಂದು ಮೊರ ಮುಚ್ಚಿರುತ್ತದೆ. 'ಒಂಟಿ ಮೊರ ಮಾರಿಗೆ, ಜೋಡಿ ಮೊರ ಗೌರಿಗೆ' ಎಂಬುದು ಮೇದರ ಮಾತು. ಮುತ್ತುಗದಹಳ್ಳಿಯ ತಳವಾರ ಬಂದು ಒಂದೇ ಒಂದು ಮೊರ ಕೇಳಿದಾಗ ಅದು ಯಾತಕ್ಕೆಂದು ಕೇತವ್ವನಿಗೆ ಗೊತ್ತಾಯಿತು. ಆದರೂ ಹೆಣೆದು ಕೊಟ್ಟಳು. ಕೊಡದಿದ್ದರೆ ಇನ್ನೊಬ್ಬರು ಕೊಡುತ್ತಿದ್ದರು.

ಮಾರನೆಯ ಮಧ್ಯಾಹ್ನ ತಮಟೆ ಬಂತು, ದಿಣ್ಣೆಯ ಪಡುವಲ ಬುಡದಲ್ಲಿ ನಿಂತಿತು, ಹಿಂದಕ್ಕೆ ಹೋಯಿತು. ಮೇದರ ಹಿರಿಯ ಮಾಚಯ್ಯ, ಕೇತವ್ವನಿಗೆ ಮೈದುನನಾಗಬೇಕು, ಮೂಡಲಿಗೆ ಓಡಿ ನೋಡಿದ. ಹುರುಳಿಪುರದವರು ಮೊದಲೇ ಸುಳಿವು ಹಿಡಿದು ಗಡಿಯುದ್ದಕ್ಕೂ ಜಾಲಿಮುಳ್ಳು ಎಳೆದು, ದೊಣ್ಣೆ ಹಿಡಿದು ನಿಂತಿದ್ದರು. ಅಮ್ಮನನ್ನು ಸಾಗಿಸಲು ಮುಂದೆ ದಾರಿಯಿರಲಿಲ್ಲ. ಉಳಿದದ್ದು ಒಂದೇ: ಅಮ್ಮನನ್ನು ಅಲ್ಲೇ ಬಿಟ್ಟು, ಎರಡು ಗಡಿಗಳ ಸಂದಿಯ ಹಳ್ಳ ಹಿಡಿದು, ಗುಡಿಸಲು ಕಿತ್ತುಕೊಂಡು ಹೊರಡುವುದು.

"ಅತ್ತಿಗೆ, ತಟ್ಟಿ ಬಿಚ್ಚು. ಹೊತ್ತು ಮುಳುಗೋದ್ರೊಳಗೆ ದಿಣ್ಣೆ ಇಳೀಬೇಕು," ಎಂದ ಮಾಚಯ್ಯ.

"ಎಲ್ಲಿಗೆ?"

"ಎಲ್ಲಿಗೆ ಅಂತ ಕೇಳ್ಕಂಡು ಯಾವತ್ತು ಹೋಗಿದ್ದೀವಿ ನಾವು?"

ಸಂಕವ್ವ ಸೊಂಟ ಹಿಡಿದುಕೊಂಡೇ ಎದ್ದು, "ನಾ ನಡೀತೀನಿ ಅತ್ತೆ," ಎಂದಳು. "ನೀ ನಡೀತೀಯ, ಮಾರಾಯ್ತಿ. ಒಳಗಿರೋದನ್ನ ಕೇಳ್ದ್ಯೇನು?" ಎಂದಳು ಕೇತವ್ವ.

ಸುತ್ತಲೂ ತಟ್ಟಿಗಳು ಬಿಚ್ಚಿಕೊಳ್ಳತೊಡಗಿದವು, ಕೋಳಿಗಳು ಬುಟ್ಟಿಯೊಳಗೆ ಹೋದವು, ನಾಯಿಗಳು ಸುಮ್ಮನೆ ಓಡಾಡಿದವು. ಕೇತವ್ವ ಗುಡಿಸಲಿನ ಒಳಕ್ಕೂ ಹೊರಕ್ಕೂ ನಡೆದಳು. ಗಂಟನ್ನು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಆಮೇಲೆ ಯಾರಿಗೂ ಹೇಳದೆ ಹೊಸ ಮೊರವೊಂದನ್ನು ಕಂಕುಳಲ್ಲಿ ಇರುಕಿಕೊಂಡು ದಿಣ್ಣೆಯ ಬುಡಕ್ಕೆ ಇಳಿದಳು ಎನ್ನುತ್ತಾರೆ. ಅಮ್ಮ ಬೇವಿನ ಸೊಪ್ಪಿನೊಳಗೆ ಕುಳಿತಿದ್ದಳು. ದಾರಿಯಲ್ಲಿ ಕುಲುಕಿ ಒಂದು ಕೈ ಮುರಿದಿತ್ತು, ಕುಂಕುಮ ಬೆವರಿನಂತೆ ಇಳಿದಿತ್ತು. ನೋಡಿದರೆ ಇವಳೂ ನಮ್ಮಂತೆಯೇ ನಡೆದು ಸೋತವಳು ಎನ್ನಿಸಿತಂತೆ ಕೇತವ್ವನಿಗೆ. ಅವಳು ಅಮ್ಮನಿದ್ದ ಮೊರವನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ದಿಣ್ಣೆಯ ನೆತ್ತಿಗೆ ಹತ್ತಿದಳು. ಚಪ್ಪಟೆ ಬಂಡೆಯೊಂದರ ಮೇಲೆ ಇಳಿಸಿದಳು. ತಂದಿದ್ದ ಮೊರವನ್ನು ಅದರ ಮೇಲೆ ಕವುಚಿ, ಸೆರಗಿನ ತುದಿ ಮುಟ್ಟಿಸಿ, ಬಾಗಿನ ಕೊಡುವವರು ಹಿಡಿಯುವಂತೆ ಎರಡೂ ಕೈಯಲ್ಲಿ ಹಿಡಿದು, "ತಕೋ ಮಗಳೇ. ತವರಿಗೆ ಬಂದಿದೀಯ, ಕೂರು," ಎಂದಳು.

ಅವಳನ್ನು ಹುಡುಕಿಕೊಂಡು ಹತ್ತಿಬಂದ ಮಾಚಯ್ಯ ತಲೆ ಚಚ್ಚಿಕೊಂಡ. "ಅಯ್ಯೋ ಹುಚ್ಚಿ, ಕೂರು ಅಂದ್ಯಾ? ಎಲ್ಲರನ್ನೂ ಮಣ್ಣಿಗೆ ಹಾಕ್ದೆ!" ಕೆಲವು ಸಂಸಾರದವರು ಅವಳ ಕಡೆ ನೋಡದೆ ಹೊರಟೇಹೋದರು. ಅಷ್ಟರಲ್ಲಿ ಮುತ್ತುಗದಹಳ್ಳಿಯ ಹಲಗೇಗೌಡ ತನ್ನ ಆಳುಗಳೊಂದಿಗೆ, ಮೊರ ಸಾಗಿತೋ ಇಲ್ಲವೋ ನೋಡಲು ಗಡಿಗೆ ಬಂದ. ಗಡಿಯಿಂದಲೇ ಕೂಗಿದ: "ಏನೇ ಕೇತಿ, ಇನ್ನೂ ದಾಟಿಸಿಲ್ವಾ?"

"ಏನನ್ನ ಗೌಡ್ರೇ?"

"ಏನನ್ನಾ? ನಾವು ತಂದಿಟ್ಟಿದ್ದನ್ನ!"

"ನೀವು ತಂದದ್ದು ಒಂಟಿ ಮೊರ. ಇಲ್ಲಿರೋದು ಜೋಡಿ. ಬಂದು ನೋಡಿ ಬೇಕಾದ್ರೆ. ಬಾಗಿನ ಹಿಡಿದ ಮಗಳನ್ನ ಗಡಿ ದಾಟಿಸೋರು ನಿಮ್ಮೂರಲ್ಲಿದ್ರೆ ಕಳ್ಸಿ, ನಮ್ಮಲ್ಲಿಲ್ಲ."

ಗೌಡನ ಹಿಂದೆ ನಿಂತಿದ್ದ ಆಳೊಬ್ಬ ನಕ್ಕನಂತೆ. ಗೌಡ ತಿರುಗಿ ನೋಡಿದ ಮೇಲೆ ಕೆಮ್ಮಿದನಂತೆ. ಬಂದು ನೋಡುವಂತಿರಲಿಲ್ಲ. ಸಾಗಿಸಿದ ಊರಿನವರು ಅಮ್ಮ ಕುಳಿತ ನೆಲಕ್ಕೆ ಕಾಲಿಟ್ಟರೆ ಅವಳು ಅವರ ಬೆನ್ನಿಗೇ ವಾಪಸು ಬರುತ್ತಾಳೆ. ಹುರುಳಿಪುರದವರು ತಾವೇ ಹಾಕಿದ ಮುಳ್ಳಿನಾಚೆ ನಿಂತಿದ್ದರು. ಏಳಿ ಎಂದು ಕೂಗಬಹುದಿತ್ತು. ಏಳಿಸಲು ಯಾರೂ ದಿಣ್ಣೆ ಹತ್ತುವಂತಿರಲಿಲ್ಲ. ಗೌಡ ನೆಲಕ್ಕೆ ಉಗಿದು, ಹೊರಟುಹೋದ.

ಆದರೆ ಅಮ್ಮ ಬರಿಗೈಯಲ್ಲಿ ಕುಳಿತಳು ಎನ್ನುವಂತಿಲ್ಲ. ಮೊದಲು ಜ್ವರ ಹಿಡಿದದ್ದು ಕೇತವ್ವನಿಗೇ. ಮೈಮೇಲೆ ಗುಳ್ಳೆ ಕಂಡದ್ದೇ ಅವಳು ಗುಡಿಸಲು ಬಿಟ್ಟು ನೆತ್ತಿಯ ಬಂಡೆಯ ಪಕ್ಕ ಹೋಗಿ ಮಲಗಿದಳು. ಮಾಚಯ್ಯ ದೂರದಲ್ಲಿ ಅಂಬಲಿಯ ಕುಡಿಕೆ ಇಟ್ಟು ಬಯ್ಯುತ್ತ ಹೋಗುತ್ತಿದ್ದ. ಬಯ್ಗುಳ ಕೇಳಿದರೆ ಬದುಕಿದ್ದೇನೆ ಎಂದು ಅವಳಿಗೆ ಗೊತ್ತಾಗುತ್ತಿತ್ತಂತೆ. ಜೀವಮಾನವೆಲ್ಲ ಅಲುಗಿದ ಕಾಲು ಅಲ್ಲಿ ಮೊದಲ ಸಲ ಅಲುಗದೆ ಬಿದ್ದಿತ್ತು. ಕಣ್ಣಿಗೂ ಗುಳ್ಳೆ ಎದ್ದು ಬೆಳಕು ಹೋಗುತ್ತಿದ್ದ ಒಂದು ಬೆಳಗ್ಗೆ, ಕೆಳಗಿನ ಗುಡಿಸಲಿನಿಂದ ಕೂಸಿನ ಅಳು ಕೇಳಿತು. ಅವಳು ಮೊರದ ಕಡೆ ಮುಖ ತಿರುಗಿಸಿ, ಅಳು ನಿಲ್ಲುತ್ತದೇನೋ ಎಂದು ಉಸಿರು ಹಿಡಿದು ಕೇಳುತ್ತ ಮಲಗಿದಳು. ಅದು ನಿಲ್ಲಲಿಲ್ಲ, ಹಟ ಹಿಡಿದು, ಹೊತ್ತೇರುವವರೆಗೂ ಅತ್ತಿತು. ದಿಣ್ಣೆಯ ಮೇಲೆ ಹುಟ್ಟಿದ ಮೊದಲ ಜೀವ ಅದು, ಹೆಣ್ಣು. ಕೇತವ್ವ ಬದುಕಿದಳು, ಮುಖದ ತುಂಬ ಕಲೆ ಹೊತ್ತು, ಒಂದು ಕಣ್ಣು ಕೊಟ್ಟು. ಹೊರಟುಹೋಗಿದ್ದವರಲ್ಲಿ ಕೆಲವರು ಮಳೆಗಾಲದ ಹೊತ್ತಿಗೆ ನಾಚಿಕೊಂಡು ಹಿಂದಿರುಗಿದರು. ಆ ವರ್ಷ ಗುಡಿಸಲುಗಳಿಗೆ ಎದ್ದದ್ದು ತಟ್ಟಿಯಲ್ಲ, ಮಣ್ಣಿನ ಗೋಡೆ ಎನ್ನುತ್ತಾರೆ.

ಇಂದು ದಿಣ್ಣೆಯ ನೆತ್ತಿಗೆ ಹೋದರೆ, ಮೊಬೈಲು ಟವರಿಗೂ ನೀರಿನ ತೊಟ್ಟಿಗೂ ನಡುವೆ, ಒಂದರ ಮೇಲೊಂದು ಕವುಚಿದ ಎರಡು ಚಪ್ಪಟೆ ಕಲ್ಲು ಕಾಣುತ್ತವೆ. ಬಿದಿರಿನ ಮೊರ ಎಂದೋ ಮಣ್ಣಾಗಿ, ಅದರ ಜಾಗಕ್ಕೆ ಕಲ್ಲು ಬಂದಿದೆ. ಅಮ್ಮ ಒಳಗಿದ್ದಾಳೆ, ಯಾರೂ ಎತ್ತಿ ನೋಡಿಲ್ಲ. ಬಾಡಿಗೆಗೆ ಬಂದ ಮನೆಗಳ ಹೆಂಗಸರು, ರಾಯಚೂರಿನವರು, ಒಡಿಶಾದವರು, ಎಲ್ಲಿಯವರೋ, ಸಾಮಾನು ಇಳಿಸಿದ ವಾರದೊಳಗೆ ಬಂದು ಬಳೆ ಇಟ್ಟು ಹೋಗುತ್ತಾರೆ. ತವರಿಗೆ ಬಂದ ಮಗಳನ್ನು ಹೊರಡು ಎನ್ನುವಂತಿಲ್ಲ; ಹಾಗೆಂದು ಕೇಳದೆ ಕಟ್ಟಿಹಾಕುವುದೂ ತರವಲ್ಲ. ಅದಕ್ಕೆ ಯುಗಾದಿ ಕಳೆದ ಮಂಗಳವಾರ ಮೇದರ ಮನೆಯ ಹಿರಿಯ ಹೆಂಗಸೊಬ್ಬಳು ಕಲ್ಲುಗಳ ಸಂದಿಗೆ ಬಾಯಿಟ್ಟು, "ಹೊರಡ್ತೀಯೇನವ್ವಾ?" ಎಂದು ಕೇಳುತ್ತಾಳೆ. ಕೇಳಿ ಕಿವಿ ಇಡುತ್ತಾಳೆ. ಸುತ್ತ ನಿಂತವರು ಮಕ್ಕಳ ಬಾಯಿ ಮುಚ್ಚಿ ಕಾಯುತ್ತಾರೆ. ಕೆಳಗೆ ಯಾವುದೋ ಟೆಂಪೊ ಹಿಮ್ಮುಖವಾಗಿ ಬರುತ್ತ ಕೂಗುತ್ತಿರುತ್ತದೆ. ಮುದುಕಿ ತಲೆಯೆತ್ತಿ, "ಇನ್ನೂ ಇಲ್ಲವಂತೆ," ಎಂದು ಕಲ್ಲಿನ ಮೇಲೆ ಅಂಬಲಿ ಸುರಿಯುತ್ತಾಳೆ.