ನೆರಳಿಗೆ ತೂಗಿದ ಬಿಸಿಲಿನ ಚೀಲ

ಕೂತಿರಾ? ಕಾಲು ಮಡಚಿ ಕೂತಿರಾ? ಹಾಗಾದರೆ ಕೇಳಿ.

ಒಂದು ಬಯಲು. ಬಯಲಿನ ನಡುವೆ ಒಂದು ಬೇವಿನ ಮರ. ಬೇವಿನ ಮರದ ಹತ್ತಿರ ಒಂದು ಗುಡಾರ. ಗುಡಾರದ ಸುತ್ತ ಕುರಿಗಳು. ಕುರಿ ಕಾಯುವವರು ಇಬ್ಬರು, ಲಗಮಜ್ಜ ಮತ್ತು ಸತ್ಯವ್ವಜ್ಜಿ. ಮೇವು ಇರುವ ತನಕ ಇಲ್ಲಿ. ಮೇವು ಮುಗಿದರೆ ಗುಡಾರ ಕಿತ್ತು ಮುಂದಕ್ಕೆ.

ಆ ಕುರಿಗಳ ನಡುವೆ ಒಂದು ಮರಿ. ಮೊನ್ನೆ ಹುಟ್ಟಿದ ಮರಿ. ಕಾಲು ಇನ್ನೂ ನಡುಗುವ ಮರಿ. ಅದರ ಅವ್ವನ ಹೆಸರು ಕರಿಕಿವಿ.

ನಿನ್ನೆ ಸಂಜೆ ಕರಿಕಿವಿ ಮಲಗಿದಳು. ಬೆಳಿಗ್ಗೆ ಏಳಲಿಲ್ಲ. ಲಗಮಜ್ಜ ಅವಳನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದ. ಬರುವಾಗ ಬರಿಗೈಯಲ್ಲಿ ಬಂದ.

ಮರಿಗೆ ಅವ್ವ ಇಲ್ಲ. ಅವ್ವ ಇಲ್ಲದಿದ್ದರೆ ಹಾಲಿಲ್ಲ. ಮೈಮೇಲೆ ಅವ್ವನ ವಾಸನೆ ಇತ್ತು. ಅಷ್ಟೇ ಇತ್ತು.

ಅಲ್ಲೇ ಇನ್ನೊಂದು ಕುರಿ, ಕೆಂದಿ. ಕೆಂಪು ಬಣ್ಣದ ಕುರಿ. ಅವಳ ಮರಿ ಹುಟ್ಟಿದ ದಿನವೇ ಕಣ್ಣು ಮುಚ್ಚಿತ್ತು. ಅವಳ ಕೆಚ್ಚಲಲ್ಲಿ ಹಾಲಿತ್ತು. ಕುಡಿಯುವವರು ಇರಲಿಲ್ಲ.

ಮರಿ ಕೆಂದಿಯ ಹತ್ತಿರ ಹೋಯಿತು.

"ಚಿಗವ್ವಾ, ಚಿಗವ್ವಾ, ಹಾಲು ಕೊಡು.
ಮೈಮೇಲೆ ಅವ್ವನ ವಾಸನೆ. ಹೊಟ್ಟೆಯೊಳಗೆ ಹಸಿವು."

ಕೆಂದಿ ಮೂಸಿದಳು. ತಲೆಯಿಂದ ದೂಡಿದಳು.

"ನೀನು ಕರಿಕಿವಿಯ ಮರಿ. ಅವಳ ವಾಸನೆ ನಿನ್ನ ಮೈಮೇಲಿರುವ ತನಕ ನನಗೆ ಹಾಲು ಇಳಿಯದು. ಬೇಕಂತ ಮಾಡುವುದಲ್ಲ ಕೂಸೇ, ಕುರಿಯ ಹುಟ್ಟುಗುಣ. ಹೋಗು, ಮಿಂದು ಬಾ. ಬಿಸಿನೀರಲ್ಲಿ ಮಿಂದು ಬಾ. ತಣ್ಣೀರು ಎಳೆಮೈಗೆ ಆಗದು."

ಬಿಸಿನೀರು ಎಲ್ಲಿದೆ? ಬಯಲಲ್ಲಿ ಕಟ್ಟಿಗೆ ಇಲ್ಲ. ಅಜ್ಜಿ ಆರಿಸಿ ತಂದ ಪುಳ್ಳೆ ರೊಟ್ಟಿಗೇ ಸಾಲದು.

ಆದರೆ ಒಂದು ಚೀಲ ಇತ್ತು. ಕರೀ ಚೀಲ. ಜಳಕದ ಚೀಲ. ಗುಡ್ಡ ಹತ್ತಲು ಬಂದ ಪೇಟೆಯ ಹುಡುಗಿಯರು ಅಜ್ಜಿಗೆ ಕೊಟ್ಟು ಹೋದ ಚೀಲ. ಅದಕ್ಕೆ ನೀರು ತುಂಬಬೇಕು. ಬಿಸಿಲಿಗೆ ತೂಗಬೇಕು. ಚೀಲ ಬಿಸಿಲು ಕುಡಿಯುತ್ತದೆ, ನೀರು ಕಾಯುತ್ತದೆ. ಕೆಳಗೆ ಒಂದು ನಳಿಕೆ. ನಳಿಕೆಗೆ ತೂತು ತೂತಿನ ಮೂತಿ. ತಿರುವಿದರೆ ಮಳೆ. ಬೆಚ್ಚನೆಯ ಮಳೆ.

ಮರಿ ನಡೆಯಿತು. ಚೀಲದ ಕೆಳಗೆ ನಿಂತಿತು.

"ಚೀಲಣ್ಣಾ, ಚೀಲಣ್ಣಾ, ಬಿಸಿನೀರು ಕೊಡು.
ಹಾಲು ಕೊಡು ಅಂದೆ, ಕೆಂದಿ ಕೊಡಲಿಲ್ಲ.
ಮೈಮೇಲೆ ಅವ್ವನ ವಾಸನೆ. ಹೊಟ್ಟೆಯೊಳಗೆ ಹಸಿವು."

ಚೀಲ ಹೇಳಿತು:

"ನನ್ನ ಮೈ ಮುಟ್ಟಿ ನೋಡು. ಕೊರೆಯುತ್ತಿದೆ. ನಾನು ಬಿಸಿಲಿನ ಚೀಲ, ನನ್ನನ್ನು ನೆರಳಿಗೆ ತೂಗಿದ್ದಾರೆ! ಲಗಮಜ್ಜನಿಗೆ ನೀರು ಅಂದರೆ ಕುಡಿಯುವ ನೀರು. ಕುಡಿಯುವ ನೀರು ನೆರಳಲ್ಲಿ ತಂಪಾಗಿರಬೇಕು. ಹುಟ್ಟಿದಾಗಿನಿಂದ ಹಾಗೆ ತೂಗಿದ ಕೈ, ಹಾಗೇ ತೂಗಿಬಿಟ್ಟಿತು. ನಾನೇನು ಮಾಡಲಿ? ಹೋಗು, ನೆರಳಿಗೆ ಸರಿ ಅನ್ನು."

ಮರಿ ನಡೆಯಿತು. ನೆರಳಿನ ಅಂಚಿಗೆ ನಿಂತಿತು.

"ನೆರಳಕ್ಕಾ, ನೆರಳಕ್ಕಾ, ಪಕ್ಕಕ್ಕೆ ಸರಿ.
ಬಿಸಿನೀರು ಕೊಡು ಅಂದೆ, ಚೀಲ ಕೊಡಲಿಲ್ಲ.
ಹಾಲು ಕೊಡು ಅಂದೆ, ಕೆಂದಿ ಕೊಡಲಿಲ್ಲ.
ಮೈಮೇಲೆ ಅವ್ವನ ವಾಸನೆ. ಹೊಟ್ಟೆಯೊಳಗೆ ಹಸಿವು."

ನೆರಳು ಹೇಳಿತು:

"ನನಗೆ ನನ್ನದು ಅಂತ ಏನಿದೆ? ಕೊಂಬೆ ಎಲ್ಲೋ ನಾನು ಅಲ್ಲಿ. ಕೊಂಬೆ ಎತ್ತಿದರೆ ಸರಿಯುತ್ತೇನೆ. ಹೋಗು, ಬೇವಿಗೆ ಹೇಳು."

ಮರಿ ನಡೆಯಿತು. ಎಡವಿತು. ಎದ್ದಿತು. ಬೇವಿನ ಬುಡಕ್ಕೆ ಬಂತು.

"ಬೇವವ್ವಾ, ಬೇವವ್ವಾ, ಕೊಂಬೆ ಎತ್ತು.
ಪಕ್ಕಕ್ಕೆ ಸರಿ ಅಂದೆ, ನೆರಳು ಸರಿಯಲಿಲ್ಲ.
ಬಿಸಿನೀರು ಕೊಡು ಅಂದೆ, ಚೀಲ ಕೊಡಲಿಲ್ಲ.
ಹಾಲು ಕೊಡು ಅಂದೆ, ಕೆಂದಿ ಕೊಡಲಿಲ್ಲ.
ಮೈಮೇಲೆ ಅವ್ವನ ವಾಸನೆ. ಹೊಟ್ಟೆಯೊಳಗೆ ಹಸಿವು."

ಬೇವು ಹೇಳಿತು:

"ಅಯ್ಯೋ ಹುಚ್ಚು ಮರಿಯೇ! ಬೇಕೆಂದಾಗ ರೆಕ್ಕೆ ಎತ್ತಲು ನಾನೇನು ಹುಂಜವೇ? ಚೀಲದ ಭಾರಕ್ಕೆ ನನ್ನ ಕೊಂಬೆಯೇ ಬಾಗಿದೆ. ಚೀಲವನ್ನು ಹಗ್ಗ ಹಿಡಿದುಕೊಂಡಿದೆ. ಹೋಗು, ಹಗ್ಗಕ್ಕೆ ಹೇಳು."

ಮರಿ ತಲೆ ಎತ್ತಿತು. ಹಗ್ಗ ಮೇಲಿತ್ತು. ಕತ್ತು ನೋಯುವಷ್ಟು ಮೇಲಿತ್ತು.

"ಹಗ್ಗದ ಕಾಕಾ, ಹಗ್ಗದ ಕಾಕಾ, ಗಂಟು ಬಿಚ್ಚು.
ಕೊಂಬೆ ಎತ್ತು ಅಂದೆ, ಬೇವು ಎತ್ತಲಿಲ್ಲ.
ಪಕ್ಕಕ್ಕೆ ಸರಿ ಅಂದೆ, ನೆರಳು ಸರಿಯಲಿಲ್ಲ.
ಬಿಸಿನೀರು ಕೊಡು ಅಂದೆ, ಚೀಲ ಕೊಡಲಿಲ್ಲ.
ಹಾಲು ಕೊಡು ಅಂದೆ, ಕೆಂದಿ ಕೊಡಲಿಲ್ಲ.
ಮೈಮೇಲೆ ಅವ್ವನ ವಾಸನೆ. ಹೊಟ್ಟೆಯೊಳಗೆ ಹಸಿವು."

ಹಗ್ಗ ಹೇಳಿತು:

"ಇದು ಕುರಿಗಾರರ ಗಂಟು. ಎಳೆದಷ್ಟೂ ಬಿಗಿ. ಕಟ್ಟಿದ ಕೈಯೇ ಬಿಚ್ಚಬೇಕು. ಕಟ್ಟಿದವನು ಲಗಮಜ್ಜ. ಗುಡಾರದಲ್ಲಿ ಮಲಗಿದ್ದಾನೆ, ಹೋಗು."

ಮರಿ ಎಡವಿತು. ಕೂತಿತು. ಸ್ವಲ್ಪ ಹೊತ್ತು ಕೂತೇ ಇತ್ತು. ಆಮೇಲೆ ಎದ್ದು ಗುಡಾರಕ್ಕೆ ಹೋಯಿತು.

ಗುಡಾರದ ಬಾಗಿಲಿಗೆ ಅಡ್ಡವಾಗಿ ಮೋತಿ ಮಲಗಿತ್ತು. ಮೋತಿ ಅಂದರೆ ನಾಯಿ.

"ಮೋತಿ ಮಾವಾ, ಮೋತಿ ಮಾವಾ, ದಾರಿ ಬಿಡು.
ಗಂಟು ಬಿಚ್ಚು ಅಂದೆ, ಹಗ್ಗ ಬಿಚ್ಚಲಿಲ್ಲ.
ಕೊಂಬೆ ಎತ್ತು ಅಂದೆ, ಬೇವು ಎತ್ತಲಿಲ್ಲ.
ಪಕ್ಕಕ್ಕೆ ಸರಿ ಅಂದೆ, ನೆರಳು ಸರಿಯಲಿಲ್ಲ.
ಬಿಸಿನೀರು ಕೊಡು ಅಂದೆ, ಚೀಲ ಕೊಡಲಿಲ್ಲ.
ಹಾಲು ಕೊಡು ಅಂದೆ, ಕೆಂದಿ ಕೊಡಲಿಲ್ಲ.
ಮೈಮೇಲೆ ಅವ್ವನ ವಾಸನೆ. ಹೊಟ್ಟೆಯೊಳಗೆ ಹಸಿವು."

"ಬಿಡುವುದಿಲ್ಲ" ಅಂದಿತು ಮೋತಿ. "ತೋಳ ಬಂದರೂ ಬಿಡುವುದಿಲ್ಲ, ನೀನು ಬಂದರೂ ಬಿಡುವುದಿಲ್ಲ."

"ನಾನು ತೋಳ ಅಲ್ಲ ಮಾವಾ."

"ಗೊತ್ತು ಬಿಡು. ಕಿವಿ ಜೋತು ಬಿದ್ದ ತೋಳವನ್ನು ನಾನು ಎಲ್ಲೂ ನೋಡಿಲ್ಲ."

ಮೋತಿ ಮೂತಿಯನ್ನು ಮುಂಗಾಲ ಮೇಲೆ ಇಟ್ಟುಕೊಂಡಿತು. ದನಿ ತಗ್ಗಿಸಿತು.

"ಅಜ್ಜ ಕಂಬಳಿ ಮುಸುಕು ಹಾಕಿಕೊಂಡಿದ್ದಾನೆ. ಬೆಳಿಗ್ಗೆ ಬಂದವನು ಮಾತಾಡಿಲ್ಲ. ನನ್ನ ತಲೆ ಕೂಡ ಸವರಿಲ್ಲ. ಆ ಕಂಬಳಿ ಎತ್ತಿದರೆ ಅಜ್ಜಿಯೇ ಎತ್ತಬೇಕು. ಹೋಗು, ಅಜ್ಜಿಗೆ ಹೇಳು."

ಅಜ್ಜಿ ಹೊರಗೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಮರಿ ಅವಳ ಸೀರೆಗೆ ಒರಗಿ ನಿಂತಿತು. ಒರಗದೆ ನಿಲ್ಲಲು ಆಗಲಿಲ್ಲ.

"ಅಜ್ಜೀ, ಅಜ್ಜೀ, ಕಂಬಳಿ ಎತ್ತು.
ದಾರಿ ಬಿಡು ಅಂದೆ, ಮೋತಿ ಬಿಡಲಿಲ್ಲ.
ಗಂಟು ಬಿಚ್ಚು ಅಂದೆ, ಹಗ್ಗ ಬಿಚ್ಚಲಿಲ್ಲ.
ಕೊಂಬೆ ಎತ್ತು ಅಂದೆ, ಬೇವು ಎತ್ತಲಿಲ್ಲ.
ಪಕ್ಕಕ್ಕೆ ಸರಿ ಅಂದೆ, ನೆರಳು ಸರಿಯಲಿಲ್ಲ.
ಬಿಸಿನೀರು ಕೊಡು ಅಂದೆ, ಚೀಲ ಕೊಡಲಿಲ್ಲ.
ಹಾಲು ಕೊಡು ಅಂದೆ, ಕೆಂದಿ ಕೊಡಲಿಲ್ಲ.
ಮೈಮೇಲೆ ಅವ್ವನ ವಾಸನೆ. ಹೊಟ್ಟೆಯೊಳಗೆ ಹಸಿವು."

ಅಜ್ಜಿಯ ಕೈ ನಿಂತಿತು.

"ಎತ್ತಲಾರೆ ನನ್ನಪ್ಪಾ. ಕಂಬಳಿಯೊಳಗೆ ಅಳುವವರ ಮುಸುಕನ್ನು ಹೊರಗಿನವರು ಎತ್ತಬಾರದು. ನಮ್ಮತ್ತೆ ಹೇಳಿದ ಮಾತು. ನಿಮ್ಮವ್ವನನ್ನು ಅವನೇ ಬಾಟಲಿ ಹಾಲು ಕುಡಿಸಿ ಸಾಕಿದ. ಇದೇ ಗುಡಾರದಲ್ಲಿ ತಲೆದೆಸೆಗೆ ಮಲಗಿಸಿಕೊಂಡ. ನನಗೆ ಜಾಗ ಇರಲಿಲ್ಲ, ಅವಳಿಗೆ ಇತ್ತು!"

ಅಜ್ಜಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಅವಳು ಬಗ್ಗಿ ಮರಿಯ ಕಿವಿಯಲ್ಲಿ ಹೇಳಿದಳು:

"ನೀನು ಸಣ್ಣವನು. ನೀನು ಕಂಬಳಿ ಎತ್ತಬೇಕಿಲ್ಲ. ಗುಡಾರದ ಹಿಂದಿನಿಂದ ನುಸುಳು. ಕಂಬಳಿಯ ಅಂಚಿನಿಂದ ನುಸುಳು. ಮೋತಿಗೆ ಹೇಳಬೇಡ."

ಮರಿ ಗುಡಾರದ ಹಿಂದಿನಿಂದ ನುಸುಳಿತು. ಕಂಬಳಿಯ ಅಂಚಿನಿಂದ ನುಸುಳಿತು. ಒಳಗೆ ಕತ್ತಲು. ಕತ್ತಲೊಳಗೆ ಅಜ್ಜ.

ಮರಿಯ ದನಿ ಈಗ ಬಹಳ ಸಣ್ಣದಾಗಿತ್ತು.

"ಅಜ್ಜಾ, ಅಜ್ಜಾ, ಎದ್ದೇಳು.
ಕಂಬಳಿ ಎತ್ತು ಅಂದೆ, ಅಜ್ಜಿ ಎತ್ತಲಿಲ್ಲ.
ದಾರಿ ಬಿಡು ಅಂದೆ, ಮೋತಿ ಬಿಡಲಿಲ್ಲ.
ಗಂಟು ಬಿಚ್ಚು ಅಂದೆ, ಹಗ್ಗ ಬಿಚ್ಚಲಿಲ್ಲ.
ಕೊಂಬೆ ಎತ್ತು ಅಂದೆ, ಬೇವು ಎತ್ತಲಿಲ್ಲ.
ಪಕ್ಕಕ್ಕೆ ಸರಿ ಅಂದೆ, ನೆರಳು ಸರಿಯಲಿಲ್ಲ.
ಬಿಸಿನೀರು ಕೊಡು ಅಂದೆ, ಚೀಲ ಕೊಡಲಿಲ್ಲ.
ಹಾಲು ಕೊಡು ಅಂದೆ, ಕೆಂದಿ ಕೊಡಲಿಲ್ಲ.
ಮೈಮೇಲೆ ಅವ್ವನ ವಾಸನೆ. ಹೊಟ್ಟೆಯೊಳಗೆ ಹಸಿವು."

ಅಜ್ಜ ಏಳಲಿಲ್ಲ.

"ಚೀಲ ನೆರಳಲ್ಲಿದೆ. ಗೊತ್ತು" ಅಂದ. "ತೂಗುವಾಗ ಕೈ ಮರೆಯಿತು. ಆಮೇಲೆ ನೋಡಿದೆ. ನೋಡಿಯೂ ಹಾಗೇ ಬಿಟ್ಟೆ."

"ಯಾಕಜ್ಜಾ?"

ಅಜ್ಜ ಮರಿಯ ಕಡೆ ಹೊರಳಿದ. ಆಮೇಲೆ ಹೇಳಿದ:

"ನೀರು ಕಾದರೆ ನಿನ್ನನ್ನು ಮೀಯಿಸಬೇಕು. ಮೀಯಿಸಿದರೆ ಅವಳ ವಾಸನೆ ಹೋಗುತ್ತದೆ. ಅವಳದು ಅಂತ ಉಳಿದದ್ದು ಅದೊಂದೇ."

ಮರಿಗೂ ಉಳಿದದ್ದು ಅದೊಂದೇ.

ಮರಿ ಅಜ್ಜನ ಬೆರಳು ಬಾಯಿಗೆ ತೆಗೆದುಕೊಂಡಿತು. ಚೀಪಿತು. ಹಾಲು ಬರಲಿಲ್ಲ.

ಅಜ್ಜ ತಟ್ಟನೆ ಎದ್ದು ಕೂತ. ಮರಿಯ ಬಾಯಿ ತಣ್ಣಗಿತ್ತು. ಕುರಿ ಕಾಯುವವರಿಗೆ ಅದು ಗೊತ್ತು. ಬಾಯಿ ತಣ್ಣಗಾದ ಮರಿ ಹೆಚ್ಚು ಹೊತ್ತು ಇರುವುದಿಲ್ಲ.

ಅಜ್ಜ ಮರಿಯ ಕುತ್ತಿಗೆಗೆ ಮೂಗು ಇಟ್ಟ. ಒಂದೇ ಸಲ ಮೂಸಿದ. ಉದ್ದಕ್ಕೆ ಮೂಸಿದ.

"ಸಾಕು" ಅಂದ.

"ಏ ಸತ್ಯವ್ವಾ! ಬಾ ಇಲ್ಲಿ!"

ಅಜ್ಜ ಕರೆದ, ಅಜ್ಜಿ ಬಂದು ಕಂಬಳಿ ಎತ್ತಿದಳು.
ಅಜ್ಜಿ ಕಂಬಳಿ ಎತ್ತಿದಳು, ಮೋತಿ ದಾರಿ ಬಿಟ್ಟಿತು. "ಇದು ಯಾವಾಗ ಒಳಗೆ ಹೋಯಿತು!" ಅಂತ ಬೊಗಳಿತು.
ಮೋತಿ ದಾರಿ ಬಿಟ್ಟಿತು, ಅಜ್ಜನ ಕೈ ಬಂತು, ಹಗ್ಗ ಗಂಟು ಬಿಚ್ಚಿತು.
ಹಗ್ಗ ಗಂಟು ಬಿಚ್ಚಿತು, ಭಾರ ಇಳಿಯಿತು, ಬೇವು ಕೊಂಬೆ ಎತ್ತಿತು.
ಬೇವು ಕೊಂಬೆ ಎತ್ತಿತು, ನೆರಳು ಪಕ್ಕಕ್ಕೆ ಸರಿಯಿತು.
ನೆರಳು ಪಕ್ಕಕ್ಕೆ ಸರಿಯಿತು, ಚೀಲ ಬಿಸಿಲಿಗೆ ಬಂತು.

ಅಜ್ಜ ಚೀಲವನ್ನು ಗುಡಾರದ ಕಂಬಕ್ಕೆ ತೂಗಿದ. ಬಿಸಿಲು ನೆಟ್ಟಗೆ ಬೀಳುವ ಕಡೆ ತೂಗಿದ. ಮರಿಯನ್ನು ಕಂಬಳಿಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಕೂತ.

ನೀರು ಕಾಯಬೇಕಲ್ಲ. ಅಜ್ಜ ಕಾದ. ಅಜ್ಜಿ ಕಾದಳು. ಮೋತಿ ಕಾಯಿತು. ಮರಿಯ ಉಸಿರು ಬಂತು, ಹೋಯಿತು. ಬಂತು, ಹೋಯಿತು. ಒಂದು ಸಲ ಬರುವುದಕ್ಕೆ ತಡವಾಯಿತು. ಅಜ್ಜ ಇನ್ನೂ ಬಿಗಿಯಾಗಿ ಒತ್ತಿಕೊಂಡ. ಬಂತು.

ನೀರೂ ಕಾಯಿತು.

ಅಜ್ಜಿ ನಳಿಕೆಯ ಮೂತಿ ತಿರುವಿದಳು. ಮಳೆ ಬಂತು. ಬೆಚ್ಚನೆಯ ಮಳೆ. ಅಜ್ಜ ಕಿವಿ ತೊಳೆದ. ಕುತ್ತಿಗೆ ತೊಳೆದ. ಬೆನ್ನು ತೊಳೆದ. ಹೊಟ್ಟೆ ತೊಳೆದ. ಬಾಲ ತೊಳೆದ. ಕರಿಕಿವಿಯ ವಾಸನೆ ನೀರಿನ ಜೊತೆ ಇಳಿಯಿತು. ಮಣ್ಣಿಗೆ ಹೋಯಿತು. ಅಜ್ಜ ಆ ಮಣ್ಣನ್ನು ನೋಡಲಿಲ್ಲ.

ಅಜ್ಜಿ ಸೆರಗಿನಿಂದ ಒರೆಸಿದಳು. ಮರಿ ತನ್ನ ಮೈ ತಾನೇ ಮೂಸಿತು. ಈ ಕಡೆ ಮೂಸಿತು. ಆ ಕಡೆ ಮೂಸಿತು. ಅವ್ವ ಇರಲಿಲ್ಲ.

"ಬ್ಯಾ" ಅಂದಿತು. ಯಾರೂ ಓಗೊಡಲಿಲ್ಲ.

ಅಜ್ಜ ಅದನ್ನು ಎತ್ತಿಕೊಂಡು ಕೆಂದಿಯ ಹತ್ತಿರ ಹೋದ. ಕೆಂದಿಯ ಹಾಲನ್ನೇ ಒಂದು ಹನಿ ಹಿಂಡಿ ಅವಳಿಗೆ ತನ್ನದೇ ವಾಸನೆ ಸಿಗಲಿ ಅಂತ ಮರಿಯ ಬಾಲಕ್ಕೆ ಸವರಿದ. ಕೆಳಗೆ ಬಿಟ್ಟ.

ಕೆಂದಿ ಮೂಸಿದಳು. ತಲೆ ಮೂಸಿದಳು. ಬೆನ್ನು ಮೂಸಿದಳು. ಬಾಲ ಮೂಸಿದಳು.

"ಯಾರ ಮರಿ ನೀನು?"

"ಗೊತ್ತಿಲ್ಲ ಚಿಗವ್ವಾ."

ಕೆಂದಿ ದೂಡಲಿಲ್ಲ. ಗಂಟಲೊಳಗೇ ಒಂದು ದನಿ ಮಾಡಿದಳು. ಅದು ಕುರಿ ತನ್ನ ಮರಿಯನ್ನು ಕರೆಯುವ ದನಿ. ಅವಳು ಆ ದನಿಯಲ್ಲಿ ಇದುವರೆಗೆ ಯಾರನ್ನೂ ಕರೆದಿರಲಿಲ್ಲ.

ಚೀಲ ಬಿಸಿನೀರು ಕೊಟ್ಟಿತು, ಕೆಂದಿ ಹಾಲು ಕೊಟ್ಟಳು.

ಮರಿ ಮಂಡಿಯೂರಿ ಕುಡಿಯಿತು. ಬಾಲ ಅಲ್ಲಾಡಿತು. ಬಾಯಿ ಬೆಚ್ಚಗಾಯಿತು.

ಸಂಜೆ ಅಜ್ಜ ಬಯಲಲ್ಲಿ ನಿಂತು ಕುರಿಗಳ ಹೆಸರು ಕೂಗಿದ. ದಿನವೂ ಕೂಗುವ ಹಾಗೆ ಕೂಗಿದ. ಅಭ್ಯಾಸದ ಬಾಯಿ. "ಕರಿಕಿವೀ" ಅಂತ ಕೂಗಿಬಿಟ್ಟ.

ಕೂಗಿದವನು ಹಾಗೇ ನಿಂತ.

ಮರಿ ತಿರುಗಿ ನೋಡಲಿಲ್ಲ. ಅದು ಹಾಲು ಕುಡಿಯುತ್ತಿತ್ತು.

ಹೇಳಿದ ಬಾಯಿಗೆ ನೀರು, ಕೇಳಿದ ಕಿವಿಗೆ ನಿದ್ದೆ. ಕತೆ ಇಷ್ಟೇ.