ಕಲ್ಲವ್ವನ ಮನೆಯ ನಾಲ್ಕನೆಯ ಗೋಡೆ

ಘಟಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಅಲ್ಲಿನ ಗುರು ಅಡವಯ್ಯಜ್ಜ. ಅವರಲ್ಲಿಗೆ ಬಂದವರು ಯಾವುದಾದರೂ ಒಂದು ಕೈಕೆಲಸ ಕಲಿಯಲೇಬೇಕು. ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ ಎನ್ನುತ್ತಿದ್ದರು.

ಶಿಷ್ಯ ಮುರಿಗೆಪ್ಪ ಕಲಿತದ್ದು ಮನೆ ಕಟ್ಟುವುದನ್ನು. ಒಂಬತ್ತು ವರ್ಷ ಮಣ್ಣು ತುಳಿದಿದ್ದ, ಗೋಡೆ ಎಬ್ಬಿಸಿದ್ದ. ತಾನೊಬ್ಬನೇ ನಿಂತು ಇಡೀ ಮನೆ ಕಟ್ಟಿರಲಿಲ್ಲ.

ಆ ವರ್ಷ ಹೊಳೆ ಉಕ್ಕಿ, ಬುಟ್ಟಿ ಹೆಣೆಯುವ ಕಲ್ಲವ್ವನ ಗುಡಿಸಲು ಕೊಚ್ಚಿಹೋಯಿತು. ನೀರು ಇಳಿದ ಮೇಲೆ ಅಜ್ಜ ಆಕೆಗೆ ಆಶ್ರಮದ ಹಿಂದಿನ ದಿಬ್ಬದಲ್ಲಿ, ಬೇವಿನ ಗಿಡದ ಪಕ್ಕ ಜಾಗ ತೋರಿಸಿದರು.

"ಮುರಿಗೆಪ್ಪ, ಇಲ್ಲೊಂದು ಸಣ್ಣ ಮನಿ ಆಗಬೇಕು. ನೀನೇ ಕಟ್ಟು."

ಮುರಿಗೆಪ್ಪನಿಗೆ ಆ ದಿನ ಊಟ ಸೇರಲಿಲ್ಲ. ಅಷ್ಟು ಸಂತೋಷ.

ದಿಬ್ಬದ ಮಣ್ಣನ್ನೇ ಅಗೆದು ಮೂರು ತಿಂಗಳಲ್ಲಿ ಮನೆ ಎಬ್ಬಿಸಿದ. ಮುಂದೊಂದು ಕೋಣೆ, ಹಿಂದೊಂದು ಕೋಣೆ. ಒಂದೂವರೆ ಮೊಳ ದಪ್ಪದ ಗೋಡೆ. ಗೂಡಿನಂಥ ಕಿಟಕಿ. ಇಬ್ಬರು ಸೇರಿ ಎತ್ತಬೇಕಾದ ಬಾಗಿಲು.

"ಇನ್ನ ಎಂಥಾ ಗಾಳಿ ಮಳಿ ಬಂದರೂ ನಿನ್ನ ಮುಟ್ಟೂದಿಲ್ಲ ನೋಡವ್ವ" ಎಂದ.

ಕಲ್ಲವ್ವ ಗೋಡೆಯ ಮೇಲೆ ಕೈಯಾಡಿಸಿದಳು. "ಚಲೋ ಆಗೇತಿ ಯಪ್ಪಾ" ಎಂದಳು.

ಎಂಟು ದಿನ ಬಿಟ್ಟು ಮುರಿಗೆಪ್ಪ ನೋಡಲು ಹೋದ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಕಲ್ಲವ್ವ ಬೇವಿನ ಗಿಡದ ಬುಡದಲ್ಲಿ ಬಿದಿರು ಸೀಳುತ್ತಿದ್ದಳು. ಮೂರು ಕಲ್ಲಿನ ಒಲೆ ಅಲ್ಲೇ, ಮಲಗುವ ಹೊರಸೂ ಅಲ್ಲೇ.

ಮುರಿಗೆಪ್ಪ ಮುಖ ಊದಿಸಿಕೊಂಡು ಅಜ್ಜನ ಹತ್ತಿರ ಬಂದ.

"ಅಜ್ಜಾರ, ಅಷ್ಟು ಚಂದದ ಮನಿ ಕಟ್ಟಿಕೊಟ್ಟರ ಆಕಿ ಗಿಡದ ಬುಡಕ ಕುಂತಾಳ."

"ಮತ್ತ ಮನಿಯೊಳಗ ಯಾರದಾರ?"

"ಯಾರೂ ಇಲ್ಲ. ಬುಟ್ಟಿ ಅದಾವ."

"ಬುಟ್ಟಿ ಆರಾಮ ಅದಾವೇನು?"

ಅಜ್ಜನೇ ಮತ್ತೆ ಕೇಳಿದರು.

"ಕಟ್ಟೂ ಮೊದಲು ಆಕಿನ್ನ ಒಂದು ಮಾತು ಕೇಳಿದ್ಯಾ?"

"ಮನಿ ಕಟ್ಟೂದು ಆಕಿಗೇನು ಗೊತ್ತರಿ?"

ಅಜ್ಜ ಒಳಗೆ ಹೋಗಿ ಒಂದು ಸುಣ್ಣದ ಹೆಂಟೆ ತಂದುಕೊಟ್ಟರು. "ನಾಳೆ ಹೊತ್ತು ಮುಳುಗೂತನಕ ಆಕಿ ಜೋಡಿ ಇರು. ಆಕಿ ಎಲ್ಲೆಲ್ಲಿ ಕುಂದರತಾಳೋ ಅಲ್ಲೊಂದು ಗೆರಿ ಎಳಿ. ಬಾಯಿ ಮಾತ್ರ ತೆರೀಬ್ಯಾಡ."

ಮರುದಿನ ಮುರಿಗೆಪ್ಪ ಹಾಗೆಯೇ ಮಾಡಿದ. ಬೆಳಗಿನ ಎಳೆಬಿಸಿಲಿಗೆ ಕಲ್ಲವ್ವ ಮೂಡಣ ಗೋಡೆಗೆ ಒರಗಿ ಚಹಾ ಕುಡಿದಳು. ಒಂದು ಗೆರೆ. ಗಿಡದ ಬುಡಕ್ಕೆ ಹೋದಳು. ಒಂದು ಗೆರೆ. ನೆರಳು ಸರಿದಂತೆ ಆಕೆಯೂ ಸರಿದಳು, ಸುಣ್ಣವೂ ಸರಿಯಿತು. ಮೊರ ಕೊಳ್ಳಲು ಬಂದವಳ ಜೊತೆ ದಾರಿಯಂಚಿನಲ್ಲಿ ಕೂತು ಇಬ್ಬರೂ ಎಲೆ ಅಡಿಕೆ ಹಾಕಿಕೊಂಡರು. ಅಲ್ಲೂ ಒಂದು ಗೆರೆ.

ಮಧ್ಯಾಹ್ನದ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ.

"ಯವ್ವಾ, ಈ ಬಿದಿರು ಒಳಗ ಕುಂತು ಸೀಳಿದರ ಏನಾಗತೈತಿ?"

ಕಲ್ಲವ್ವ ಹನ್ನೆರಡು ಮೊಳದ ಬಿದಿರನ್ನು ಅವನ ಕೈಗೇ ಕೊಟ್ಟಳು. "ನೀನೇ ಒಯ್ದು ನೋಡಪ್ಪ."

ಮುರಿಗೆಪ್ಪ ಒಯ್ದ. ಬಿದಿರಿನ ತುದಿ ಎದುರು ಗೋಡೆಗೆ ಕುಟ್ಟಿತು. ತಿರುಗಿಸಿದ. ಕಿಟಕಿಗೆ ಸಿಕ್ಕಿಕೊಂಡಿತು. ಎಳೆದ. ಹಿಂದಿನ ತುದಿ ಬಾಗಿಲ ಮಗ್ಗುಲಿನ ನೀರಿನ ಮಡಕೆಗೆ ಬಡಿದು ಮಡಕೆ ಚೂರುಚೂರಾಯಿತು.

ಕಲ್ಲವ್ವ ಕೆಮ್ಮು ಬರುವ ತನಕ ನಕ್ಕಳು. ಒಳಗೆ ಬಂದು ಕೂತು ಚೂರು ಆರಿಸತೊಡಗಿದಳು. ಮುರಿಗೆಪ್ಪ ಮರೆಯದೆ ಒಂದು ಗೆರೆ ಎಳೆದ.

"ಗೋಡಿ ಚಲೋ ಅದಾವಪ್ಪ" ಎಂದಳು ಕಲ್ಲವ್ವ. "ಆದ್ರ ಒಳಗ ಕುಂತರ ಹೊತ್ತೆಷ್ಟಾತು ಅಂತ ತಿಳಿಯೂದಿಲ್ಲ. ದಾರಿ ಹಿಡಿದು ಹೋಗಾವರು ಕಾಣೂದಿಲ್ಲ. ನಾಲ್ಕು ಮಂದಿ ಮಾತಾಡಿಸಿದರ ನನ್ನ ಕೈ ಓಡತೈತಿ."

"ಮೊದಲ ಯಾಕ ಹೇಳಲಿಲ್ಲ?"

"ನೀನು ಕೇಳಲಿಲ್ಲ. ಆಮ್ಯಾಲೆ ಹೇಳೂಣಂದರ, ಅಷ್ಟು ಬೆವರು ಸುರಿಸಿದ್ದಿ. ಮನಸಿಗೆ ಹತ್ತೀತು ಅಂತ ಸುಮ್ಮನಾದೆ."

ಮುರಿಗೆಪ್ಪನೂ ಬಗ್ಗಿ ಚೂರು ಆರಿಸತೊಡಗಿದ.

ಸಂಜೆ ಅಜ್ಜ ಕೇಳಿದರು, "ಎಷ್ಟು ಗೆರಿ?"

"ಹದಿನೇಳು."

"ಮನಿಯೊಳಗ?"

"ಒಂದು. ಅದೂ ಮಡಕಿ ಚೂರು ಆರಿಸಲಿಕ್ಕೆ." ಅವನು ಆಗಲೇ ಹಾರೆ ಹಿಡಿದು ನಿಂತಿದ್ದ. "ಗಿಡದ ಕಡೀ ಗೋಡಿ ಈಗಲೇ ಕೆಡವತೀನಿ ಅಜ್ಜಾರ."

"ಮೊದಲು ಕಂಬ ನಿಲ್ಲಿಸು" ಎಂದರು ಅಜ್ಜ. "ಇಲ್ಲಂದರ ಚಾವಣಿ ತಲಿಮ್ಯಾಲೆ ಬಿದ್ದೀತು. ಪಶ್ಚಾತ್ತಾಪ ನಾಳೆ ಪಟ್ಟರೂ ನಡೀತೈತಿ."

ಎರಡು ಕಂಬ ನಿಂತವು, ಮೇಲೊಂದು ತೊಲೆ ಕೂತಿತು. ತಾನೇ ಎಬ್ಬಿಸಿದ ಗೋಡೆಯನ್ನು ಮುರಿಗೆಪ್ಪ ತಾನೇ ಕೆಡವಿದ. ಮೊದಲ ಏಟು ಮೆಲ್ಲಗೆ ಹಾಕಿದ. ಆಮೇಲೆ ಒಳಗೆ ಬೇವಿನ ನೆರಳು ಬಿತ್ತು, ಗಾಳಿ ಬಂತು. ಕೈ ತಾನಾಗಿ ಆಡಿತು.

ಈಗ ಅವನು ಪ್ರತಿಯೊಂದನ್ನೂ ಕೇಳುತ್ತಿದ್ದ.

"ಯವ್ವಾ, ಈ ಮಣ್ಣು?"

"ಹೊರಗ ಹಾಕಬ್ಯಾಡ. ಗಿಡದತನಕ ಒಂದು ಕಟ್ಟಿ ಮಾಡು. ಮೊಣಕಾಲಿಗಿಂತ ತಗ್ಗಿರಲಿ, ನನಗ ಏರಾಕ ಆಗೂದಿಲ್ಲ."

"ಮಣ್ಣು ಅಗೆದ ಕುಣಿ ಮುಚ್ಚಲೇನು?"

"ಯಾಕ ಮುಚ್ಚತಿ? ಮಳಿನೀರು ನಿಂತೈತಿ. ಬಿದಿರು ಸೀಳು ನೆನಿಯಾಕ ಹಾಕತೀನಿ. ದಂಡಿಗೆ ಒಂದು ನುಗ್ಗಿ ಗಿಡ ಹಚ್ಚಿದರ ಮಿಕ್ಕಿದ್ದು ಅದಕ್ಕಾತು."

"ಬ್ಯಾಸಗಿ ಬಿಸಿಲಿಗೆ?"

"ಬೇವು ಐತಲ್ಲ."

"ಮಳಿ ಓರೆ ಹೊಡದರ?"

ಕಲ್ಲವ್ವ ಅವನನ್ನು ನೋಡಿದಳು. "ಎಲ್ಲಾ ನೀನೇ ಮಾಡಿದರ ನನಗೇನು ಉಳೀತು?"

ಎಂಟು ದಿನ ಕೂತು ಬಿದಿರಿನ ಮೂರು ತಟ್ಟಿ ಹೆಣೆದಳು. ಮಳೆ ಬಂದರೆ ಇಳಿಬಿಡುವುದು, ನಿಂತರೆ ಸುತ್ತಿ ಮೇಲೆ ಕಟ್ಟುವುದು. ಹಿಂದಿನ ಕೋಣೆ ಮಾತ್ರ ಮೊದಲಿನಂತೆಯೇ ಉಳಿಯಿತು. ಚಳಿಗೆ ಅದು ಬೇಕೆಂದು ಕಲ್ಲವ್ವನೇ ಹೇಳಿದಳು. ಮುರಿಗೆಪ್ಪನಿಗೆ ಆ ಮಾತು ಹುಗ್ಗಿಗಿಂತ ಸಿಹಿಯಾಗಿತ್ತು.

ಮನೆ ಮುಗಿದ ದಿನ ಹುಗ್ಗಿಯನ್ನೂ ಮಾಡಿದರು. ಆಶ್ರಮದವರು ಬಂದರು, ದಾರಿಯಲ್ಲಿ ಹೋಗುತ್ತಿದ್ದವರೂ ಬಂದರು. ಕೆಲವರು ಕಂಬಕ್ಕೆ ಒರಗಿ ಕೂತರು, ಕೆಲವರು ಕಟ್ಟೆಯ ಮೇಲೆ, ಕೆಲವರು ಬೇವಿನ ಬೇರಿನ ಮೇಲೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿತ್ತು. ಮಗಳ ಮದುವೆ, ಎಮ್ಮೆಯ ಹಾಲು, ಬಿದಿರಿನ ಧಾರಣೆ, ಎಲ್ಲ ಮಾತೂ ಬಂದವು. ಹೊಸ ಮನೆಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ, ಅದು ಅಲ್ಲಿ ಮೊದಲಿನಿಂದ ಇದ್ದಂತೆಯೇ ಕೂತಿದ್ದರು.

ಬಡಿಸುತ್ತಿದ್ದ ಮುರಿಗೆಪ್ಪನಿಗೆ ಅದು ಹೊಳೆದದ್ದು ಮೂರನೆಯ ಸುತ್ತಿಗೆ. ತನ್ನಷ್ಟಕ್ಕೆ ನಕ್ಕು ಮತ್ತೆ ಸೌಟು ಹಿಡಿದ.

ಆಗ ಅಜ್ಜ ಕಣ್ಣಿಗೆ ಬಿದ್ದರು. ಕಟ್ಟೆಯ ಕಟ್ಟಕಡೆಗೆ, ಗಿಡಕ್ಕೆ ಬೆನ್ನು ಕೊಟ್ಟು ಕೂತು ಹುಗ್ಗಿ ಉಣ್ಣುತ್ತಿದ್ದರು. ತಲೆಯ ಮೇಲೆ ಎರಡು ಬೇವಿನ ಎಲೆ ಉದುರಿದ್ದವು.

ಮುರಿಗೆಪ್ಪ ಅವಸರದಿಂದ ಹೋಗಿ ಕೈಮುಗಿದ. "ಇದೇನು ಅಜ್ಜಾರ, ಇನ್ನೂ ಹೊರಗ ಕುಂತೀರಿ. ಮನಿಯೊಳಗ ಬರ್ರಿ."

ಅಜ್ಜ ಬೆರಳು ಚೀಪಿಕೊಂಡು ತಲೆಯೆತ್ತಿದರು.

"ಬಂದು ಭಾಳ ಹೊತ್ತಾತಲ್ಲೋ ತಮ್ಮಾ."